ಹತ್ತಿರವಿದ್ದೂ ಕಾಣದ ನಕ್ಷತ್ರಗಳು: ಹುಡುಕೋದು ಹೇಗೆ, ತೂಗೋದು ಹೇಗೆ?

ಪ್ರಶ್ನೆ: ಚಿಕ್ಕಮಗಳೂರು ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಸೂರ್ಯನನ್ನು ಬಿಟ್ಟರೆ ನಮಗೆ ತೀರಾ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ಅಂತ ಕ್ಲಾಸಿನಲ್ಲಿ ಹೇಳಿದೆ. ಒಬ್ಬ ಹುಡುಗ ಎದ್ದು ನಿಂತು, 'ಹಾಗಾದರೆ ರಾತ್ರಿ ತೋರಿಸಿ ಸಾರ್' ಅಂದ. ಅದು ಬರಿಗಣ್ಣಿಗೆ ಕಾಣಲ್ಲ, ಅದು ಕೆಂಪು ಕುಬ್ಜ ಅಂದೆ. 'ಜ್ಯೇಷ್ಠಾ ನಕ್ಷತ್ರವೂ ಕೆಂಪು. ಅದು ಅಷ್ಟು ದೂರ ಇದ್ದರೂ ಕಾಣುತ್ತದಲ್ಲ?' ಅಂದ. ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಕಣ್ಣಿಗೇ ಕಾಣದ ನಕ್ಷತ್ರ ಹತ್ತಿರದಲ್ಲಿದೆ ಅಂತ ಕಂಡುಹಿಡಿದದ್ದು ಹೇಗೆ? ಅದರ ತೂಕ ಹೇಗೆ ಗೊತ್ತಾಗುತ್ತದೆ? ಇಂಥ ಮಂಕು ನಕ್ಷತ್ರಗಳ ಹಿಂದೆ ವಿಜ್ಞಾನಿಗಳು ಬಿದ್ದಿರುವುದಾದರೂ ಯಾಕೆ?

ಉತ್ತರ:

ಮೇಷ್ಟ್ರೇ, ಮೊದಲು ಆ ಹುಡುಗನಿಗೆ ನನ್ನ ಕಡೆಯಿಂದ ಒಂದು ಶಹಬ್ಬಾಸ್ ಹೇಳಿ. ಅವನು ಕೇಳಿದ್ದರಲ್ಲೇ ಈ ವಿಷಯದ ಗಂಟು ಇದೆ. ನಮ್ಮ ಕಣ್ಣು ಹೊಳೆಯುವುದನ್ನು ಮಾತ್ರ ಎಣಿಸುತ್ತದೆ. ಈ ಕ್ಷೇತ್ರದಲ್ಲಿ ನಡೆಯುವ ಕೆಲಸವೆಲ್ಲ ಆ ಎಣಿಕೆಯನ್ನು ನಂಬದೆ ಇರುವುದು ಹೇಗೆ ಅನ್ನುವುದರ ಸುತ್ತವೇ.

ಜ್ಯೇಷ್ಠಾ ಗೊಂದಲ ಮೊದಲು ಬಿಡಿಸೋಣ. ಬಣ್ಣ ಹೇಳುವುದು ನಕ್ಷತ್ರದ ಮೇಲ್ಮೈ ಎಷ್ಟು ಬಿಸಿ ಅನ್ನುವುದನ್ನು. ಗಾತ್ರ ಎಷ್ಟು ಅಂತ ಅದು ಹೇಳುವುದಿಲ್ಲ. ಸೂರ್ಯನ ಮೇಲ್ಮೈ ಸುಮಾರು 5,800 ಕೆಲ್ವಿನ್. ಜ್ಯೇಷ್ಠಾ ಸುಮಾರು 3,600, ಪ್ರಾಕ್ಸಿಮಾ ಸುಮಾರು 3,000. ಹಾಗಾಗಿ ಎರಡೂ ಕೆಂಪು. ಆದರೆ ಜ್ಯೇಷ್ಠಾ ದೈತ್ಯ. ಅದನ್ನು ತಂದು ಸೂರ್ಯನ ಜಾಗದಲ್ಲಿಟ್ಟರೆ ಮಂಗಳನ ಕಕ್ಷೆಯನ್ನೂ ನುಂಗಿ ಆಚೆ ಹೋಗುತ್ತದೆ. ಪ್ರಾಕ್ಸಿಮಾ ಸೂರ್ಯನ ಏಳನೇ ಒಂದು ಭಾಗದಷ್ಟು ಅಗಲ, ಅಂದರೆ ಗುರುಗ್ರಹದ ಒಂದೂವರೆ ಪಟ್ಟು, ಅಷ್ಟೇ. ನಿಮ್ಮ ಅಂಗಳದ ತುಳಸಿಕಟ್ಟೆಯಲ್ಲಿ ಹಚ್ಚಿಟ್ಟ ಊದುಬತ್ತಿಯ ಕಿಡಿ ಮತ್ತು ಮೂರು ಮೈಲಿ ಆಚೆ ಜಾತ್ರೆಯಲ್ಲಿ ಹಾಕಿದ ಹ್ಯಾಲೋಜನ್ ದೀಪ. ಮನೆಯ ಜಗುಲಿಯಿಂದ ಯಾವುದು ಮೊದಲು ಕಣ್ಣಿಗೆ ಬೀಳುತ್ತದೆ? ಊದುಬತ್ತಿ ಹತ್ತಿರ ಇದೆ ಅಂತ ಯಾರಿಗೂ ಹೊಳೆಯುವುದೇ ಇಲ್ಲ.

ಲೆಕ್ಕದಲ್ಲಿ ಹೇಳುವುದಾದರೆ, ಪ್ರಾಕ್ಸಿಮಾ ಇರುವ 4.24 ಜ್ಯೋತಿರ್ವರ್ಷ ದೂರದಲ್ಲಿ ನಮ್ಮ ಸೂರ್ಯನನ್ನು ಇಟ್ಟರೆ ಅದು ಆಕಾಶದ ಹತ್ತಿಪ್ಪತ್ತು ಪ್ರಕಾಶಮಾನ ನಕ್ಷತ್ರಗಳಲ್ಲಿ ಒಂದಾಗಿ ಝಗ್ ಅಂತ ಹೊಳೆಯುತ್ತದೆ. ಪ್ರಾಕ್ಸಿಮಾದ ಕಾಂತಿಮಾನ ಮಾತ್ರ 11. ಕಾಂತಿಮಾನ ಅಂದರೆ ಹೊಳಪಿನ ಅಳತೆ, ಅಂಕಿ ದೊಡ್ಡದಾದಷ್ಟೂ ನಕ್ಷತ್ರ ಮಂಕು. ಒಳ್ಳೆಯ ಕತ್ತಲಲ್ಲಿ ನಮ್ಮ ಕಣ್ಣು ಆರರವರೆಗೆ ನೋಡಬಲ್ಲದು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದು ಸೂರ್ಯನಿಗಿಂತ ಸುಮಾರು 19,000 ಪಟ್ಟು ಮಂಕು. ಇದು ಪ್ರಾಕ್ಸಿಮಾ ಒಂದರ ಕಥೆಯಲ್ಲ. ಆಕಾಶದ ಕೆಂಪು ಕುಬ್ಜಗಳಲ್ಲೆಲ್ಲ ಜಾಸ್ತಿ ಪ್ರಕಾಶ ಇರುವುದು ಲಕಾಯ್ 8760 ಅನ್ನುವ ನಕ್ಷತ್ರಕ್ಕೆ. ಅದರ ಕಾಂತಿಮಾನವೂ 6.7, ಬರಿಗಣ್ಣಿನ ಗೆರೆಯಿಂದ ಸ್ವಲ್ಪ ಆಚೆ. ನಮ್ಮ ಸುತ್ತಮುತ್ತಲಿನ ನಕ್ಷತ್ರಗಳಲ್ಲಿ ನಾಲ್ಕಕ್ಕೆ ಮೂರು ಕೆಂಪು ಕುಬ್ಜಗಳೇ. ಆದರೂ ಒಂದನ್ನೂ ಯಾವ ಪಂಚಾಂಗ ಬರೆದವರೂ ನೋಡಿರಲಿಲ್ಲ. ಊರಿನಲ್ಲಿ ನಾಲ್ಕು ಮನೆಗೆ ಮೂರು ಮನೆ ಕಾಣದೆ ಇದ್ದರೆ ಜನಗಣತಿ ಹೇಗೆ ಆಗಬೇಕು ಹೇಳಿ.

ಅಂದಹಾಗೆ, ಆ ಹುಡುಗನಿಗೆ ಪ್ರಾಕ್ಸಿಮಾ ಇರುವ ಜಾಗವನ್ನಂತೂ ತೋರಿಸಬಹುದು. ಮೇ ಕೊನೆಯ ವಾರ, ರಾತ್ರಿ ಹತ್ತರ ಹೊತ್ತಿಗೆ ದಕ್ಷಿಣಕ್ಕೆ ತಿರುಗಿ ನಿಲ್ಲಿ. ಬೆಟ್ಟ ಅಡ್ಡ ಇಲ್ಲದ ಕಡೆ ಆರಿಸಿಕೊಳ್ಳಿ. ದಿಗಂತದ ಹತ್ತಿರ ತ್ರಿಶಂಕುವಿನ ಶಿಲುಬೆ ಸಿಗುತ್ತದೆ. ಅದರ ಎಡಕ್ಕೆ ಅಕ್ಕಪಕ್ಕ ಎರಡು ಹೊಳೆಯುವ ನಕ್ಷತ್ರಗಳಿವೆ. ಎಡತುದಿಯದು ಆಲ್ಫಾ ಸೆಂಟಾರಿ. ಕೈ ನೀಟಾಗಿ ಚಾಚಿ ಅದರ ಬಲಕ್ಕೆ, ಸ್ವಲ್ಪ ಕೆಳಗೆ ಒಂದು ಹೆಬ್ಬೆರಳಿನ ಅಗಲ ಬಿಡಿ. 'ಅಲ್ಲಿದೆ ನೋಡು, ಕಾಣದೆ ಇರುವುದು' ಅಂತ ತೋರಿಸಿ. ಮಕ್ಕಳು ನಗುತ್ತಾರೆ, ಆದರೆ ಮರೆಯುವುದಿಲ್ಲ.

ಈಗ ಹುಡುಕಿದ್ದು ಹೇಗೆ ಅನ್ನುವ ಪ್ರಶ್ನೆ. ಹೊಳಪು ಕೈಕೊಟ್ಟ ಮೇಲೆ ಉಳಿದಿದ್ದು ಚಲನೆ. ಎಲ್ಲ ನಕ್ಷತ್ರಗಳೂ ಓಡುತ್ತಲೇ ಇರುತ್ತವೆ. ಹತ್ತಿರ ಇರುವುದು ಬೇಗ ಸರಿದ ಹಾಗೆ ಕಾಣುತ್ತದೆ, ದೂರದ್ದು ನಿಂತಲ್ಲೇ ನಿಂತ ಹಾಗೆ. 1915ರಲ್ಲಿ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನ ಯೂನಿಯನ್ ವೀಕ್ಷಣಾಲಯದಲ್ಲಿ ರಾಬರ್ಟ್ ಇನ್ನೆಸ್ ಐದು ವರ್ಷಗಳ ಅಂತರದಲ್ಲಿ ತೆಗೆದ ಎರಡು ಗಾಜಿನ ಫೋಟೋ ಫಲಕಗಳನ್ನು ಒಂದು ಯಂತ್ರದಲ್ಲಿಟ್ಟು ನೋಡಿದರು. ಬ್ಲಿಂಕ್ ಕಂಪ್ಯಾರೇಟರ್ ಅಂತ ಅದರ ಹೆಸರು. ಒಂದೇ ಕಣ್ಣುಕೊಳವೆಯಲ್ಲಿ ಈ ಫಲಕ, ಆ ಫಲಕ, ಈ ಫಲಕ, ಆ ಫಲಕ ಅಂತ ಟಕಟಕ ಬದಲಾಯಿಸಿ ತೋರಿಸುವ ಯಂತ್ರ. ಸಾವಿರಾರು ಚುಕ್ಕೆಗಳು ಅಲುಗದೆ ಕೂತಿರುತ್ತವೆ. ಯಾವುದೋ ಒಂದು ಚುಕ್ಕೆ ಮಾತ್ರ ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ. ಪ್ರಾಕ್ಸಿಮಾ ಸಿಕ್ಕಿದ್ದು ಹಾಗೆ. ಅದರ ಓಟ ವರ್ಷಕ್ಕೆ 3.85 ಆರ್ಕ್ ಸೆಕೆಂಡ್. ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಒಂದು ಪಾಲು ಒಂದು ಆರ್ಕ್ ಸೆಕೆಂಡ್.

ಮರುವರ್ಷ, 1916ರಲ್ಲಿ, ಅಮೆರಿಕದ ಇ. ಇ. ಬರ್ನಾರ್ಡ್ ಅದಕ್ಕಿಂತ ಚುರುಕಾದದ್ದನ್ನು ಹಿಡಿದರು. ಬರ್ನಾರ್ಡ್ ನಕ್ಷತ್ರ ವರ್ಷಕ್ಕೆ 10.4 ಆರ್ಕ್ ಸೆಕೆಂಡ್ ಓಡುತ್ತದೆ. ಚಂದ್ರನ ಅಗಲದಷ್ಟು ಜಾಗ ದಾಟಲು ಅದಕ್ಕೆ ಸುಮಾರು 175 ವರ್ಷ ಸಾಕು. ಇದಕ್ಕಿಂತ ಬೇಗ ಓಡುವ ಇನ್ನೊಂದು ನಕ್ಷತ್ರ ಆಕಾಶದಲ್ಲಿ ಇದುವರೆಗೆ ಸಿಕ್ಕಿಲ್ಲ. ಆಮೇಲೆ ಜರ್ಮನಿಯ ಮ್ಯಾಕ್ಸ್ ವುಲ್ಫ್, ಅಮೆರಿಕದ ಫ್ರಾಂಕ್ ರಾಸ್, ವಿಲೆಮ್ ಲೈಟನ್ ಇವರೆಲ್ಲ ಇಂಥ ಓಡುವ ಚುಕ್ಕೆಗಳ ಪಟ್ಟಿ ಮಾಡುತ್ತಲೇ ಹೋದರು. ವುಲ್ಫ್ 359, ರಾಸ್ 128 ಅಂತ ಇವತ್ತಿಗೂ ಆ ನಕ್ಷತ್ರಗಳಿಗೆ ಪಟ್ಟಿಯ ನಂಬರೇ ಹೆಸರು. ಲೈಟನ್ 1925ರಲ್ಲಿ ಟೆನಿಸ್ ಆಡುವಾಗ ಒಂದು ಕಣ್ಣು ಕಳೆದುಕೊಂಡವರು. ಉಳಿದ ಒಂದೇ ಕಣ್ಣಿನಲ್ಲಿ ದಶಕಗಟ್ಟಲೆ ಚುಕ್ಕೆಗಳ ಹಿಂದೆ ಬಿದ್ದರು.

ಓಡುತ್ತದೆ ಅಂದರೆ ಹತ್ತಿರ ಇರಬಹುದು ಅನ್ನುವ ಗುಮಾನಿ ಬರುತ್ತದೆ, ಅಷ್ಟೇ. ಗುಮಾನಿ ಖಾತ್ರಿಯಾಗಬೇಕಾದರೆ ಪ್ಯಾರಲ್ಯಾಕ್ಸ್ ಅಳೆಯಬೇಕು. ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ ಹೆಬ್ಬೆರಳು ಜಿಗಿಯುವುದನ್ನು ನೀವು ಕ್ಲಾಸಿನಲ್ಲಿ ಮಾಡಿಸಿಯೇ ಇರುತ್ತೀರಿ. ಇಲ್ಲಿ ಎರಡು ಕಣ್ಣು ಅಂದರೆ ಜನವರಿಯ ಭೂಮಿ ಮತ್ತು ಜುಲೈನ ಭೂಮಿ. ನಡುವೆ ಮೂವತ್ತು ಕೋಟಿ ಕಿಲೋಮೀಟರ್ ಅಂತರ. ಅಷ್ಟಾದರೂ ಪ್ರಾಕ್ಸಿಮಾದ ಪ್ಯಾರಲ್ಯಾಕ್ಸ್ ಕೇವಲ 0.77 ಆರ್ಕ್ ಸೆಕೆಂಡ್. ಒಂದು ರೂಪಾಯಿ ನಾಣ್ಯವನ್ನು ಐದಾರು ಕಿಲೋಮೀಟರ್ ಆಚೆಯಿಂದ ನೋಡಿದರೆ ಎಷ್ಟು ಅಗಲ ಕಾಣುತ್ತದೋ ಅಷ್ಟು. ಎಲ್ಲಕ್ಕಿಂತ ಹತ್ತಿರದ ನಕ್ಷತ್ರದ ಪಾಡೇ ಇದಾದರೆ ಉಳಿದವುಗಳ ಪಾಡು ಊಹಿಸಿ.

ಓಟ ಮತ್ತು ಈ ವಾರ್ಷಿಕ ತೂಗಾಟ ಎರಡೂ ಸೇರಿದಾಗ ನಕ್ಷತ್ರ ಆಕಾಶದಲ್ಲಿ ಬಿಡಿಸುವ ಗೆರೆ ಹೇಗಿರುತ್ತದೆ ಗೊತ್ತಾ? ನಮ್ಮ ಕಡೆ ಹೇಳುತ್ತಾರಲ್ಲ, ಎತ್ತು ಉಚ್ಚೆ ಹೊಯ್ದ ಹಾಗೆ, ಥೇಟ್ ಹಾಗೆ. ಮುಂದೆ ಹೋಗುತ್ತಾ ಹೋಗುತ್ತಾ ಆಚೆ ಈಚೆ ಓಲಾಡುವ ಗೆರೆ. ಸೊಟ್ಟಗಿನ ಅಗಲ ದೂರವನ್ನು ಹೇಳುತ್ತದೆ, ಒಟ್ಟು ಸಾಗಿದ ಉದ್ದ ಓಟವನ್ನು ಹೇಳುತ್ತದೆ. 2013ರ ಡಿಸೆಂಬರ್‌ನಲ್ಲಿ ಹಾರಿದ ಯುರೋಪಿನ ಗಾಯಾ ಉಪಗ್ರಹ ಸುಮಾರು 180 ಕೋಟಿ ನಕ್ಷತ್ರಗಳ ಪಟ್ಟಿ ಕೊಟ್ಟಿತು. ಅವುಗಳಲ್ಲಿ ಹೆಚ್ಚಿನವುಗಳಿಗೆ ಇಂಥ ಗೆರೆಯನ್ನೂ ಅಳೆದು ಕೊಟ್ಟಿತು. 2025ರ ಜನವರಿಯಲ್ಲಿ ಅದರ ವೀಕ್ಷಣೆ ಮುಗಿಯಿತು. ಹಿಂದಿನವರು ಒಂದು ನಕ್ಷತ್ರದ ದೂರಕ್ಕೆ ನಾಲ್ಕೈದು ವರ್ಷ ಸವೆಸುತ್ತಿದ್ದರು.

ಓಡುವ ನಕ್ಷತ್ರದಿಂದ ಒಂದು ತಲೆನೋವೂ ಇದೆ. ನಾನು ಓದುತ್ತಿದ್ದ ದಿನಗಳಲ್ಲಿ ಹಳೆಯ ಪಟ್ಟಿಯಿಂದ ಒಂದು ಕೆಂಪು ಕುಬ್ಜದ ವಿಳಾಸ ಬರೆದುಕೊಂಡು ಟೆಲಿಸ್ಕೋಪ್ ತಿರುಗಿಸಿದೆ. ನಡುಮಧ್ಯೆ ಒಂದು ಚುಕ್ಕೆ ಇತ್ತು. ಅರ್ಧ ಗಂಟೆ ಬೆಳಕು ಕೂಡಿಸಿದೆ. ಬಂದ ವರ್ಣಪಟಲ, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕು, ನೋಡಿದರೆ ಸೂರ್ಯನಂಥ ಯಾವುದೋ ಸಾಮಾನ್ಯ ನಕ್ಷತ್ರ! ನನ್ನ ನಕ್ಷತ್ರ ಪಟ್ಟಿ ಬರೆದ ಮೇಲೆ ನಾಲ್ಕು ದಶಕ ಓಡಿ ಪಕ್ಕಕ್ಕೆ ಹೋಗಿ ನಿಂತಿತ್ತು. ಬಾಡಿಗೆ ಮನೆ ಖಾಲಿ ಮಾಡಿದವರ ಹಳೆ ವಿಳಾಸಕ್ಕೆ ಹೋಗಿ ಬಾಗಿಲು ಬಡಿದ ಹಾಗಾಯಿತು. ಆವತ್ತಿನಿಂದ ಯಾವ ವರ್ಷದ ವಿಳಾಸ ಅಂತ ನೋಡದೆ ನಾನು ಏನನ್ನೂ ಟೈಪ್ ಮಾಡುವುದಿಲ್ಲ.

ಚಲನೆಯನ್ನೇ ನಂಬಿದರೂ ಮೋಸ ಹೋಗುತ್ತೇವೆ. ನಮ್ಮ ಕಡೆಗೋ ನಮ್ಮಿಂದ ನೇರ ಆಚೆಗೋ ಹೋಗುವ ನಕ್ಷತ್ರ ಪಕ್ಕಕ್ಕೆ ಸರಿಯುವುದೇ ಇಲ್ಲ. ರಾಲ್ಫ್-ಡೀಟರ್ ಶೋಲ್ಟ್ಸ್ ಅನ್ನುವವರು 2013ರಲ್ಲಿ ಬೆಳಕಿಗೆ ತಂದ ಒಂದು ನಕ್ಷತ್ರ ಹೀಗೇ ಅಡಗಿತ್ತು. ಇರುವುದು ಇಪ್ಪತ್ತು ಚಿಲ್ಲರೆ ಜ್ಯೋತಿರ್ವರ್ಷ ದೂರದಲ್ಲಿ. ಆದರೆ ಪಕ್ಕದ ಓಟ ತೀರಾ ಕಡಿಮೆ. ಯಾಕೆ ಅಂತ ಲೆಕ್ಕ ಹಾಕಿದಾಗ ಗೊತ್ತಾಯಿತು, ಅದು ನಮ್ಮನ್ನು ದಾಟಿ ಬೆನ್ನು ಹಾಕಿ ಹೋಗುತ್ತಿದೆ. ಸುಮಾರು 70–80 ಸಾವಿರ ವರ್ಷಗಳ ಹಿಂದೆ ಅದು ಸೂರ್ಯನಿಂದ ಬರೀ ಒಂದು ಜ್ಯೋತಿರ್ವರ್ಷದ ಆಸುಪಾಸಿನಲ್ಲಿ ಹಾದುಹೋಗಿತ್ತು. ಆಗ ಭೂಮಿಯ ಮೇಲೆ ಮನುಷ್ಯರಿದ್ದರು. ಅವರಿಗೂ ಅದು ಕಂಡಿರಲಿಕ್ಕಿಲ್ಲ, ಅಷ್ಟು ಮಂಕು.

ಮೂರನೇ ದಾರಿ ಶಾಖ. ಅಡುಗೆಮನೆಯಲ್ಲಿ ದೋಸೆ ಕಾವಲಿ ಕಾದಿದೆಯಾ ಅಂತ ಯಾರೂ ಕಣ್ಣಿನಿಂದ ನೋಡುವುದಿಲ್ಲ. ಅಂಗೈ ಸ್ವಲ್ಪ ಮೇಲೆ ಹಿಡಿದು ನೋಡುತ್ತಾರೆ. ಕಾವಲಿ ಹೊಳೆಯುವುದಿಲ್ಲ, ಆದರೆ ಇನ್‌ಫ್ರಾರೆಡ್ ಅಂದರೆ ಅವಗೆಂಪು ಕಿರಣ ಸುರಿಸುತ್ತಿರುತ್ತದೆ. ಕೆಂಪು ಕುಬ್ಜಗಳು ತಮ್ಮ ಬಹುಪಾಲು ಶಕ್ತಿಯನ್ನು ಹೀಗೆ ಅವಗೆಂಪಿನಲ್ಲೇ ಕಳೆಯುತ್ತವೆ. ಪ್ರಾಕ್ಸಿಮಾ ಕಣ್ಣಿನ ಲೆಕ್ಕದಲ್ಲಿ ಸೂರ್ಯನ ಹತ್ತೊಂಬತ್ತು ಸಾವಿರದಲ್ಲಿ ಒಂದು ಪಾಲು ಅಂದೆನಲ್ಲ, ಎಲ್ಲ ಕಿರಣ ಕೂಡಿಸಿದರೆ ಸುಮಾರು ಆರುನೂರರಲ್ಲಿ ಒಂದು ಪಾಲು. ಎಷ್ಟು ವ್ಯತ್ಯಾಸ ನೋಡಿ.

ಅದಕ್ಕೂ ತಣ್ಣಗಿನವು ಕಂದು ಕುಬ್ಜಗಳು. ಇವುಗಳ ಹಿಂದೆ ಒಬ್ಬ ಭಾರತೀಯ ಮೂಲದ ವಿಜ್ಞಾನಿ ಇದ್ದಾರೆ, ಶಿವ್ ಕುಮಾರ್. 1960ರ ದಶಕದ ಆರಂಭದಲ್ಲಿ ಅವರು ಅಮೆರಿಕದಲ್ಲಿ ಕೂತು ಒಂದು ಪ್ರಶ್ನೆ ಹಾಕಿಕೊಂಡರು. ಅನಿಲದ ಮೋಡ ಕುಸಿದು ಉಂಡೆಯಾಗುತ್ತದೆ ಸರಿ. ಆ ಉಂಡೆ ತೀರಾ ಹಗುರವಾಗಿದ್ದರೆ ಅದರ ಒಲೆ ಹತ್ತಿಕೊಳ್ಳುತ್ತದಾ? ಸೂರ್ಯನ ತೂಕದ ನೂರರಲ್ಲಿ ಏಳೆಂಟು ಪಾಲಿಗಿಂತ ಕಡಿಮೆಯಾದರೆ ಹತ್ತುವುದಿಲ್ಲ ಅನ್ನುವುದು ಅವರ ಲೆಕ್ಕ. ಹೈಡ್ರೋಜನ್ ಉರಿಯುವಷ್ಟು ನಡುಭಾಗ ಬಿಸಿಯಾಗುವ ಮೊದಲೇ ಎಲೆಕ್ಟ್ರಾನ್‌ಗಳು ಒತ್ತೊತ್ತಾಗಿ ತುಂಬಿಕೊಂಡು ಕುಸಿತ ನಿಂತುಬಿಡುತ್ತದೆ. ಆಮೇಲೆ ಆರುತ್ತಾ ಹೋಗುವುದೊಂದೇ ಕೆಲಸ. ಕುಮಾರ್ ಅವನ್ನು ಕಪ್ಪು ಕುಬ್ಜ ಅಂದಿದ್ದರು. ಕಂದು ಅನ್ನುವ ಹೆಸರಿಟ್ಟಿದ್ದು 1975ರಲ್ಲಿ ಜಿಲ್ ಟಾರ್ಟರ್. ಲೆಕ್ಕ ಕಾಗದದ ಮೇಲಿತ್ತು, ವಸ್ತು ಮಾತ್ರ ಕೈಗೆ ಸಿಗಲಿಲ್ಲ. 1995ರಲ್ಲಿ ಟೈಡೆ 1 ಮತ್ತು ಗ್ಲೀಸ 229 ಬಿ ಎಂಬ ಎರಡು ಸಿಕ್ಕವು.

2009ರ ಡಿಸೆಂಬರ್‌ನಲ್ಲಿ ಹಾರಿದ ಅಮೆರಿಕದ ವೈಸ್ ಉಪಗ್ರಹ ಇಡೀ ಆಕಾಶವನ್ನು ಅವಗೆಂಪಿನಲ್ಲಿ ಚಿತ್ರ ತೆಗೆಯಿತು. ಆ ಚಿತ್ರಗಳನ್ನು ಜಾಲಾಡಿದ ಕೆವಿನ್ ಲೂಮನ್ 2013ರಲ್ಲಿ ಬರೀ 6.5 ಜ್ಯೋತಿರ್ವರ್ಷ ದೂರದಲ್ಲಿ ಒಂದು ಜೋಡಿ ಕಂದು ಕುಬ್ಜ ಕಂಡುಹಿಡಿದರು. ಆಲ್ಫಾ ಸೆಂಟಾರಿ, ಬರ್ನಾರ್ಡ್ ನಕ್ಷತ್ರ ಬಿಟ್ಟರೆ ನಮಗೆ ಇದೇ ಹತ್ತಿರ. ಬರ್ನಾರ್ಡ್ ನಕ್ಷತ್ರ ಸಿಕ್ಕು ಆಗಲೇ 97 ವರ್ಷ ಆಗಿತ್ತು! ಇನ್ನೂ ತಮಾಷೆ ಅಂದರೆ ಹಳೆಯ ಆಕಾಶಚಿತ್ರಗಳಲ್ಲೂ ಆ ಚುಕ್ಕೆ ಇತ್ತು. ಹಾಲುಹಾದಿಯ ನಕ್ಷತ್ರ ಸಂತೆಯ ನಡುವೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 2014ರಲ್ಲಿ ಲೂಮನ್ ಅವರೇ 7.4 ಜ್ಯೋತಿರ್ವರ್ಷದಲ್ಲಿ ಇನ್ನೊಂದನ್ನು ಹಿಡಿದರು. ಅದರ ಮೈಯ ಬಿಸಿ, ನೀರು ಗಡ್ಡೆ ಕಟ್ಟುವ ಮಟ್ಟದ ಆಸುಪಾಸಿನಲ್ಲಿದೆ. ನಮ್ಮ ಫ್ರಿಜ್ಜಿನ ಸಂಬಂಧಿಕ ಅನ್ನಬಹುದು. ಗಾಯಾಗೆ ಅದು ಕಾಣುವುದೇ ಇಲ್ಲ, ಯಾಕೆಂದರೆ ಗಾಯಾ ನೋಡುವುದು ಹೆಚ್ಚುಕಡಿಮೆ ನಾವು ನೋಡುವ ಬೆಳಕನ್ನೇ.

ನೆಲದ ಮೇಲಿಂದ ಅವಗೆಂಪಿನಲ್ಲಿ ನೋಡುವುದು ಸಲೀಸಲ್ಲ. ಗಾಳಿಯಲ್ಲಿರುವ ನೀರಿನ ಆವಿ ಆ ಕಿರಣಗಳನ್ನು ಕುಡಿದುಬಿಡುತ್ತದೆ. ನಮ್ಮ ಮಲೆನಾಡಿನಂಥ ಕಡೆ ಅದು ಆಗದ ಮಾತು. ಎತ್ತರದ, ಒಣಗಿದ ಜಾಗ ಬೇಕು. ಭಾರತದಲ್ಲಿ ಅಂಥ ಜಾಗ ಲಡಾಖ್‌ನ ಹಾನ್ಲೆ. ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಮೇಲೆ, ಚಳಿ ಮರುಭೂಮಿ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎರಡು ಮೀಟರ್ ಅಗಲದ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಅಲ್ಲಿದೆ. ಆದರೆ ಅದನ್ನು ನಡೆಸುವುದು ಎಲ್ಲಿಂದ ಗೊತ್ತಾ? ನಮ್ಮ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ರಾತ್ರಿ ಅಲ್ಲಿ ಕೂತರೆ ಒಂಥರಾ ಅನುಭವ. ಕಿಟಕಿಯಾಚೆ ಸೊಳ್ಳೆ, ಸೆಖೆ, ಹೆದ್ದಾರಿಯ ಲಾರಿ ಸದ್ದು. ಪರದೆಯ ಮೇಲೆ ಸೊನ್ನೆಗಿಂತ ಎಷ್ಟೋ ಕೆಳಗಿನ ಹಾನ್ಲೆಯ ಚಳಿ ಅಂಕಿಯಾಗಿ ಕಾಣುತ್ತದೆ. ಕೈಯಲ್ಲಿ ಚಹಾ ಲೋಟ, ಎರಡು ಸಾವಿರ ಕಿಲೋಮೀಟರ್ ಆಚೆ ಕನ್ನಡಿ ತಿರುಗುತ್ತದೆ. ಒಂದು ಮಂಕು ಚುಕ್ಕೆಗೆ ಹದಿನೈದು ನಿಮಿಷ ಕಾಯಬೇಕು. ಆಮೇಲೆ ವರ್ಣಪಟಲ ಒಂದು ಸೊಟ್ಟ ಗೆರೆಯಾಗಿ ಮೂಡುತ್ತದೆ.

ಆ ಗೆರೆ ನೋಡುವುದೇ ಒಂದು ಖುಷಿ. ಸೂರ್ಯನದಾದರೆ ನಯವಾದ ಗುಡ್ಡದ ಮೇಲೆ ಅಲ್ಲಲ್ಲಿ ಸಣ್ಣ ಗೀರು. ಕೆಂಪು ಕುಬ್ಜದ್ದು ಹಾಗಲ್ಲ, ಇಲಿ ಕಡಿದ ರೊಟ್ಟಿಯ ಹಾಗೆ ದೊಡ್ಡ ದೊಡ್ಡ ತುಂಡು ಮಾಯವಾಗಿರುತ್ತದೆ. ಕಡಿದದ್ದು ಟೈಟಾನಿಯಂ ಆಕ್ಸೈಡ್. ಗೋಡೆಯ ಬಿಳಿ ಪೇಂಟಿನಲ್ಲಿರುವುದು ಇದರ ಅಣ್ಣ, ಟೈಟಾನಿಯಂ ಡೈಆಕ್ಸೈಡ್. ಸೂರ್ಯನ ಬಿಸಿಯಲ್ಲಿ ಇಂಥ ಅಣುಗಳು ಒಡೆದುಹೋಗುತ್ತವೆ. ಮೂರು ಸಾವಿರ ಡಿಗ್ರಿಯಲ್ಲಿ ಆರಾಮಾಗಿ ಬದುಕುತ್ತವೆ. ನೀರಿನ ಆವಿಯೂ ಇರುತ್ತದೆ, ನಕ್ಷತ್ರದ ಮೇಲೆಯೇ! ಇನ್ನೂ ತಣ್ಣಗಿನ ಗ್ಲೀಸ 229 ಬಿಯಂಥದ್ದರಲ್ಲಿ ಮೀಥೇನ್, ಅಂದರೆ ನಿಮ್ಮ ಊರಿನ ಗೋಬರ್ ಗ್ಯಾಸ್. ನಕ್ಷತ್ರದಲ್ಲಿ ಮೀಥೇನ್ ಉಳಿಯುವುದಿಲ್ಲ. ಹಾಗಾಗಿ ಅದು ಸಿಕ್ಕ ಕೂಡಲೇ ಇದು ನಕ್ಷತ್ರ ಅಲ್ಲ ಅನ್ನುವುದು ಖಾತ್ರಿಯಾಯಿತು.

ಈಗ ತೂಕ. ಒಂಟಿ ನಕ್ಷತ್ರವನ್ನು ತೂಗಲು ತಕ್ಕಡಿ ಇಲ್ಲ. ಜೋಡಿ ಬೇಕು. ಒಂದನ್ನೊಂದು ಸುತ್ತುವ ಜೋಡಿ ಸಿಕ್ಕರೆ ನಿಮ್ಮ ಹತ್ತನೇ ಕ್ಲಾಸಿನ ಮಕ್ಕಳೂ ತೂಗಬಹುದು. 8.7 ಜ್ಯೋತಿರ್ವರ್ಷ ದೂರದಲ್ಲಿ ಲೈಟನ್ ಪಟ್ಟಿಯ ಒಂದು ಜೋಡಿ ಇದೆ. ಅದರಲ್ಲೊಂದರ ಹೆಸರು ಯು.ವಿ. ಸೆಟಿ. ಎರಡೂ ಒಂದು ಸುತ್ತು ಮುಗಿಸಲು 26.5 ವರ್ಷ. ನಡುವಿನ ಸರಾಸರಿ ಅಂತರ, ಭೂಮಿ ಮತ್ತು ಸೂರ್ಯನ ಅಂತರವನ್ನು ಒಂದು ಅಂತ ಹಿಡಿದರೆ, ಸುಮಾರು 5.5. ಅಂತರವನ್ನು ಮೂರು ಸಲ ಗುಣಿಸಿ: 5.5 × 5.5 × 5.5, ಬಂತು 166. ವರ್ಷವನ್ನು ಎರಡು ಸಲ ಗುಣಿಸಿ: 26.5 × 26.5, ಬಂತು 702. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, 0.24. ಮುಗಿಯಿತು. ಎರಡೂ ಸೇರಿ ಸೂರ್ಯನ ಕಾಲುಪಾಲಿಗೂ ಕಡಿಮೆ, ಒಂದೊಂದೂ ಸುಮಾರು 0.12. ಕೆಪ್ಲರ್ ನಿಯಮ ಇಷ್ಟು ಸಲೀಸಾಗಿ ಬೋರ್ಡಿನ ಮೇಲೆ ಬರುವ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ. ಮಕ್ಕಳ ಕೈಯಲ್ಲೇ ಮಾಡಿಸಿ.

ಇಂಥ ಕೆಲವು ಜೋಡಿಗಳನ್ನು ತೂಗಿ, ಇಷ್ಟು ತೂಕಕ್ಕೆ ಇಷ್ಟು ಹೊಳಪು ಅಂತ ಒಂದು ಕೋಷ್ಟಕ ಮಾಡಿಕೊಳ್ಳುತ್ತಾರೆ. ಒಂಟಿ ಕೆಂಪು ಕುಬ್ಜ ಸಿಕ್ಕರೆ ಅದರ ಅವಗೆಂಪು ಹೊಳಪು ನೋಡಿ ಕೋಷ್ಟಕದಿಂದ ತೂಕ ಓದುತ್ತಾರೆ. ಕೆಂಪು ಕುಬ್ಜಕ್ಕೆ ಇದು ಸಾಕು. ಕಂದು ಕುಬ್ಜಕ್ಕೆ ಬಂದರೆ ಕೋಷ್ಟಕ ಕೈಕೊಡುತ್ತದೆ, ಯಾಕೆಂದರೆ ಅದು ಆರುತ್ತಾ ಹೋಗುವ ವಸ್ತು. ಬಚ್ಚಲಿನಲ್ಲಿ ಹಂಡೆಯ ನೀರೂ ಉಗುರುಬೆಚ್ಚಗಿದೆ, ಪಕ್ಕದ ಚೊಂಬಿನ ನೀರೂ ಉಗುರುಬೆಚ್ಚಗಿದೆ. ಹಂಡೆಯ ಒಲೆ ಬೆಳಗ್ಗೆ ಆರಿದ್ದು, ಚೊಂಬು ಈಗ ತಾನೇ ಇಳಿಸಿದ್ದು. ಬೆರಳು ಅದ್ದಿ ನೋಡಿ ಪಾತ್ರೆ ದೊಡ್ಡದೋ ಸಣ್ಣದೋ ಹೇಳಿ ಅಂದರೆ ಹೇಳುವುದು ಹೇಗೆ? ವಯಸ್ಸು ಗೊತ್ತಿಲ್ಲದೆ ಕಂದು ಕುಬ್ಜದ ತೂಕ ಹೇಳುವುದು ಅದೇ ಪಜೀತಿ.

ಗ್ಲೀಸ 229 ಬಿ ಇದಕ್ಕೆ ಒಳ್ಳೆಯ ಸಾಕ್ಷಿ. ಅದು ಒಂದು ಕೆಂಪು ಕುಬ್ಜದ ಜೊತೆಗಾರ. ಹಾಗಾಗಿ ಕಕ್ಷೆ ನೋಡಿ ತೂಗಲು ಸಾಧ್ಯವಾಯಿತು. ತೂಗಿದರೆ ಗುರುಗ್ರಹದ ಸುಮಾರು 70 ಪಟ್ಟು ಬಂತು. ಎಲ್ಲರೂ ತಲೆ ಕೆರೆದುಕೊಂಡರು. ಅಷ್ಟು ಭಾರದ ವಸ್ತು ಇಷ್ಟು ಮಂಕಾಗಿರಲು ಸಾಧ್ಯವೇ ಇಲ್ಲ, ಇನ್ನೂ ಬಿಸಿ ಇರಬೇಕು. ಲೆಕ್ಕ ತಪ್ಪೋ, ಸಿದ್ಧಾಂತ ತಪ್ಪೋ? 2024ರಲ್ಲಿ ಉತ್ತರ ಸಿಕ್ಕಿತು. ಅದು ಒಂದಲ್ಲ, ಎರಡು! ಗುರುವಿನ 38 ಪಟ್ಟು ಒಂದು, 34 ಪಟ್ಟು ಇನ್ನೊಂದು. ಹನ್ನೆರಡು ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತಾ ಅಂಟಿಕೊಂಡಿವೆ. ಮೂವತ್ತು ವರ್ಷ ಪುಸ್ತಕಗಳಲ್ಲಿ ಒಂದು ಅಂತ ಬರೆದದ್ದು ಎರಡಾಗಿತ್ತು. ನನಗಂತೂ ಈ ಕ್ಷೇತ್ರದಲ್ಲಿ ಇತ್ತೀಚೆಗೆ ಓದಿದ್ದರಲ್ಲಿ ಅತಿ ಇಷ್ಟವಾದ ಸುದ್ದಿ ಇದು.

ಹಿಂದೆ ಬೀಳುವುದು ಯಾಕೆ ಅಂತ ಕೇಳಿದ್ದೀರಿ. ನಾಲ್ಕರಲ್ಲಿ ಮೂರು ಇವೇ ಅನ್ನುವುದೇ ಒಂದು ಕಾರಣ ಸಾಕು ಅಲ್ವಾ? ಇನ್ನೊಂದು ಆಯುಸ್ಸು. ಸೂರ್ಯ ತನ್ನ ನಡುಭಾಗದ ಹೈಡ್ರೋಜನ್ ಮಾತ್ರ ಉರಿಸುತ್ತಾನೆ, ಹೊರಗಿನದು ಒಲೆಗೆ ಬರುವುದೇ ಇಲ್ಲ. ಸೂರ್ಯನ ಮೂರನೇ ಒಂದು ಪಾಲಿಗಿಂತ ಹಗುರವಾದ ಕೆಂಪು ಕುಬ್ಜ ಒಳಗಿಂದ ಹೊರಗಿನವರೆಗೂ ಕುದಿಯುವ ಎಸರಿನ ಹಾಗೆ ಮೇಲೆ ಕೆಳಗೆ ಆಗುತ್ತಿರುತ್ತದೆ. ಎಲ್ಲ ಇಂಧನವೂ ಸರದಿಯಲ್ಲಿ ಒಲೆಗೆ ಬರುತ್ತದೆ. ಉರಿಯೂ ಸಣ್ಣದು. ಸೂರ್ಯನ ಹತ್ತನೇ ಒಂದು ಪಾಲಿನ ನಕ್ಷತ್ರ ಹತ್ತು ಲಕ್ಷ ಕೋಟಿ ವರ್ಷ ಉರಿಯಬಲ್ಲದು. ವಿಶ್ವಕ್ಕೆ ಇನ್ನೂ 1,380 ಕೋಟಿ ವರ್ಷ. ಅಂದರೆ ವಯಸ್ಸಾಗಿ ಸತ್ತ ಕೆಂಪು ಕುಬ್ಜ ಇದುವರೆಗೆ ಒಂದೂ ಇಲ್ಲ.

ಮೂರನೆಯದು ಗ್ರಹಗಳು. ನಕ್ಷತ್ರ ಚಿಕ್ಕದಾದಷ್ಟೂ ಗ್ರಹ ಹಿಡಿಯುವುದು ಸುಲಭ. 40 ಜ್ಯೋತಿರ್ವರ್ಷ ದೂರದ ಟ್ರಾಪಿಸ್ಟ್-1 ಗುರುಗ್ರಹಕ್ಕಿಂತ ಸ್ವಲ್ಪವೇ ದೊಡ್ಡದು. ಭೂಮಿಯಷ್ಟು ಗ್ರಹ ಅದರ ಎದುರು ಹಾದರೆ ಬೆಳಕು ನೂರರಲ್ಲಿ ಅರ್ಧ ಪಾಲಿಗೂ ಜಾಸ್ತಿ ಕುಗ್ಗುತ್ತದೆ. ಸೂರ್ಯನ ಎದುರು ಹಾದರೆ ಹತ್ತು ಸಾವಿರದಲ್ಲಿ ಒಂದು ಪಾಲೂ ಕುಗ್ಗುವುದಿಲ್ಲ. ಹಾಗಾಗಿ ಅಲ್ಲಿ ಏಳು ಗ್ರಹ ಸಿಕ್ಕವು. 2017ರಲ್ಲಿ ಅದು ದೊಡ್ಡ ಸುದ್ದಿಯಾಗಿತ್ತು. ಪ್ರಾಕ್ಸಿಮಾಗೂ 2016ರಲ್ಲಿ ಒಂದು ಗ್ರಹ ಸಿಕ್ಕಿತು. 11.2 ದಿನಕ್ಕೆ ಒಂದು ಸುತ್ತು. ಅದು ಎಳೆದಾಗ ಪ್ರಾಕ್ಸಿಮಾ ಅಲುಗುವುದು ಸೆಕೆಂಡಿಗೆ ಒಂದೂಕಾಲು ಮೀಟರಿನ ಆಸುಪಾಸು. ನಾವು ಬೆಳಗ್ಗೆ ವಾಕಿಂಗ್ ಹೋಗುವ ವೇಗ ಅದು. ಆದರೆ ಅಲ್ಲಿ ಯಾರಾದರೂ ಇದ್ದಾರಾ ಅಂತ ಮಕ್ಕಳು ಕೇಳಿದರೆ ಸ್ವಲ್ಪ ಜೋಪಾನ. ಈ ನಕ್ಷತ್ರಗಳಿಗೆ ಮೂಗಿನ ತುದಿಯಲ್ಲಿ ಕೋಪ. ಯು.ವಿ. ಸೆಟಿ 1952ರಲ್ಲಿ ಇಪ್ಪತ್ತೇ ಸೆಕೆಂಡಿನಲ್ಲಿ 75 ಪಟ್ಟು ಭುಗಿಲೆದ್ದಿತ್ತು. ಅಂಥ ಮನೆಯ ಪಕ್ಕದ ಗ್ರಹದಲ್ಲಿ ಗಾಳಿ ಉಳಿಯುವುದೇ ಅನುಮಾನ.

ಗ್ರಹದ ವಿಷಯ ಬಂದಾಗ ಪೀಟರ್ ವ್ಯಾನ್ ಡೆ ಕ್ಯಾಂಪ್ ಕಥೆ ಹೇಳದೆ ಮುಂದೆ ಹೋಗಲು ನನಗೆ ಆಗುವುದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಸ್ಪ್ರೌಲ್ ವೀಕ್ಷಣಾಲಯದಲ್ಲಿ ಅವರು 1938ರಿಂದ ಬರ್ನಾರ್ಡ್ ನಕ್ಷತ್ರದ ಫೋಟೋ ತೆಗೆಯುತ್ತಾ ಬಂದರು. ಒಂದೆರಡಲ್ಲ, ಎರಡು ಸಾವಿರಕ್ಕೂ ಜಾಸ್ತಿ ಫಲಕ. 1963ರಲ್ಲಿ ಹೇಳಿದರು, ನಕ್ಷತ್ರ ಓಲಾಡುತ್ತಿದೆ, ಗುರುವಿಗಿಂತ ದೊಡ್ಡ ಗ್ರಹ ಅದನ್ನು ಎಳೆಯುತ್ತಿದೆ ಅಂತ. ಪಠ್ಯಪುಸ್ತಕಗಳಿಗೂ ಹೋಯಿತು. 1973ರಲ್ಲಿ ಜಾರ್ಜ್ ಗೇಟ್‌ವುಡ್ ಮತ್ತು ಹೈನ್ರಿಕ್ ಐಖ್‌ಹಾರ್ನ್ ಬೇರೆ ಟೆಲಿಸ್ಕೋಪಿನ ಫಲಕಗಳನ್ನು ಅಳೆದರು. ಓಲಾಟ ಇಲ್ಲ. ಅದೇ ಸ್ಪ್ರೌಲ್‌ನ ಜಾನ್ ಹರ್ಷಿ ಅಲ್ಲಿನದೇ ಫಲಕಗಳಲ್ಲಿ ಬೇರೊಂದು ನಕ್ಷತ್ರ ನೋಡಿದರು. ಅದೂ ಅದೇ ವರ್ಷಗಳಲ್ಲಿ ಅದೇ ಥರ ಜಿಗಿದಿತ್ತು! ಕಾರಣ ಆಕಾಶದಲ್ಲಿರಲಿಲ್ಲ. 1949ರಲ್ಲಿ ಟೆಲಿಸ್ಕೋಪಿನ ಲೆನ್ಸ್ ಕೂರಿಸುವ ಚೌಕಟ್ಟು ಬದಲಾಯಿಸಿದ್ದರು, ಆಮೇಲೂ ಅದನ್ನು ಸರಿಮಾಡಿದ್ದರು. ಆಗೆಲ್ಲ ಇಡೀ ಆಕಾಶ ಕೂದಲೆಳೆಯಷ್ಟು ಸರಿದ ಹಾಗೆ ಕಂಡಿತ್ತು. ವ್ಯಾನ್ ಡೆ ಕ್ಯಾಂಪ್ ಮಾತ್ರ 1995ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಒಪ್ಪಲಿಲ್ಲ. 2018ರಲ್ಲಿ ಬೇರೆಯವರು ಅದೇ ನಕ್ಷತ್ರಕ್ಕೆ ಇನ್ನೊಂದು ಗ್ರಹ ಇದೆ ಅಂದರು, ಅದೂ ಬಿದ್ದುಹೋಯಿತು. 2024–25ರಲ್ಲಿ ಕೊನೆಗೂ ಸಿಕ್ಕಿದ್ದು ನಾಲ್ಕು ಪುಟಾಣಿ ಗ್ರಹಗಳು. ನಾಲ್ಕೂ ಭೂಮಿಗಿಂತ ಹಗುರ. ವ್ಯಾನ್ ಡೆ ಕ್ಯಾಂಪ್ ಹೇಳಿದ್ದಕ್ಕೂ ಇವಕ್ಕೂ ಸಂಬಂಧವೇ ಇಲ್ಲ.

ನಿಮ್ಮ ಮಕ್ಕಳೂ ಈ ಕೆಲಸದಲ್ಲಿ ಕೈಹಾಕಬಹುದು. 2017ರಲ್ಲಿ ಶುರುವಾದ 'ಬ್ಯಾಕ್‌ಯಾರ್ಡ್ ವರ್ಲ್ಡ್ಸ್' ಅನ್ನುವ ಯೋಜನೆಯಲ್ಲಿ ವೈಸ್ ಚಿತ್ರಗಳನ್ನು ಬ್ಲಿಂಕ್ ಮಾಡಿ ತೋರಿಸುತ್ತಾರೆ. ಮನೆಯಲ್ಲಿ ಕೂತವರೇ ನೂರಾರು ಕಂದು ಕುಬ್ಜ ಹುಡುಕಿದ್ದಾರೆ. ಇನ್ನೆಸ್ ಮಾಡಿದ್ದೇ ಕೆಲಸ, ಗಾಜಿನ ಬದಲು ಕಂಪ್ಯೂಟರ್.

ಆಕಾಶದ ಕೆಳಗೇ ನಿಂತು ಮಾಡಬೇಕು ಅಂದರೆ ಬರ್ನಾರ್ಡ್ ನಕ್ಷತ್ರ ಇದೆ. ಕಾಂತಿಮಾನ 9.5, ನಾಲ್ಕಿಂಚಿನ ಟೆಲಿಸ್ಕೋಪಿಗೆ ಆರಾಮಾಗಿ ಸಿಗುತ್ತದೆ. ಅದು ಇರುವುದು ಉರಗಧರ ನಕ್ಷತ್ರಪುಂಜದಲ್ಲಿ, 66 ಆಫಿಯೂಕಿ ಅನ್ನುವ ನಕ್ಷತ್ರದ ಹತ್ತಿರ. ಮಳೆಗಾಲ ಹಿಡಿಯುವ ಮೊದಲು, ಏಪ್ರಿಲ್ ಕೊನೆಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ನೆತ್ತಿಯಿಂದ ತುಸು ದಕ್ಷಿಣಕ್ಕೆ ಬಂದಿರುತ್ತದೆ. ಯಾರದಾದರೂ ಕ್ಯಾಮೆರಾ, 200 ಎಂ.ಎಂ. ಲೆನ್ಸ್, ಒಂದು ಸ್ಟ್ಯಾಂಡ್ ಇದ್ದರೆ ಸಾಕು. ಒಂದೊಂದು ಸೆಕೆಂಡಿನ ನೂರು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿ. ಮುಂದಿನ ಏಪ್ರಿಲ್‌ನಲ್ಲಿ ಇನ್ನೊಮ್ಮೆ. ವರ್ಷಕ್ಕೆ ಎರಡು ಮೂರು ಪಿಕ್ಸೆಲ್ ಸರಿಯುತ್ತದೆ. ಈಗ ಎಂಟನೇ ಕ್ಲಾಸಿನಲ್ಲಿರುವ ಹುಡುಗ ಹತ್ತು ಮುಗಿಸುವ ಹೊತ್ತಿಗೆ ಎರಡು ಚಿತ್ರ ಟಕಟಕ ಬದಲಾಯಿಸಿದರೆ ಕಪ್ಪೆ ಕುಪ್ಪಳಿಸುವುದು ಚೆನ್ನಾಗಿ ಕಾಣುತ್ತದೆ. ಒಂದೇ ಮಾತು, ಅಲ್ಲಿಯವರೆಗೆ ಲೆನ್ಸ್ ಬದಲಾಯಿಸಬೇಡಿ.